ಹಂಸಗೀತೆ

ತ.ರಾ. ಸುಬ್ಬರಾಯರು 1952ರಲ್ಲಿ ಪ್ರಕಟಿಸಿದ ಕಾದಂಬರಿ. ಅದನ್ನು ಆಧರಿಸಿ ಜಿ.ವಿ. ಅಯ್ಯರ್ ಅವರು 1975ರಲ್ಲಿ ನಿರ್ದೇಶಿಸಿದ ಕನ್ನಡ ಚಲನಚಿತ್ರ. ಶಾಸ್ತ್ರೀಯ ಸಂಗೀತಗಾರನೊಬ್ಬನ ಬಾಳನ್ನೂ ಒಲವನ್ನೂ ಅವಸರವಿಲ್ಲದೆ, ರಾಗಾಲಾಪನೆಯ ನಡೆಯಲ್ಲಿಯೇ ನಿರೂಪಿಸಿದ ಕನ್ನಡ ಕೃತಿಗಳಲ್ಲಿ ಇದಕ್ಕೆ ಅಗ್ರಸ್ಥಾನವುಂಟು.

ಚಿತ್ರದುರ್ಗದ ಜನಶ್ರುತಿಯಲ್ಲಿ ಉಳಿದುಬಂದಿರುವ ಭೈರವಿ ವೆಂಕಟಸುಬ್ಬಯ್ಯನೇ ಇಲ್ಲಿಯ ನಾಯಕ. ಭೈರವಿ ರಾಗವನ್ನು ಹಾಡುವುದರಲ್ಲಿ ಅಸಮಾನನೆನಿಸಿ, ಆ ರಾಗದ ಹೆಸರನ್ನೇ ಬಿರುದಾಗಿ ಪಡೆದ ಈ ಗಾಯಕನು, ಅರಸೊತ್ತಿಗೆಯ ಬಲವಂತಕ್ಕೆ ಮಣಿದು ಹಾಡುವುದಕ್ಕಿಂತ ಮೂಕನಾಗಿ ಬಾಳುವುದೇ ಮೇಲೆಂದು ಬಗೆದು, ತನ್ನ ನಾಲಗೆಯನ್ನು ತಾನೇ ಕೊಯ್ದುಕೊಂಡನೆಂಬುದು ಐತಿಹ್ಯ. 1779ರಲ್ಲಿ ಹೈದರಾಲಿಯ ವಶವಾದ ದುರ್ಗದ ಇತಿಹಾಸವು ತ.ರಾ.ಸು. ಅವರಿಗೆ ಜೀವಮಾನದ ವಸ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ದುರ್ಗಾಸ್ತಮಾನ’ಗಳಲ್ಲಿ ಅವರು ಕೋಟೆಯ ಒಳಸಂಚುಗಳನ್ನೂ ಕದನಗಳನ್ನೂ ವರ್ಣಿಸಿದರೆ, ‘ಹಂಸಗೀತೆ’ಯಲ್ಲಿ ಅದೇ ನೆಲದ ನಾದವನ್ನು ಅರಸಿ ಹೊರಟಿದ್ದಾರೆ.

ನಾಯಕನ ಸ್ವಭಾವವನ್ನು ಅರಿಯಬೇಕಾದರೆ ಅವನ ರಾಗವನ್ನು ಅರಿಯುವುದು ಅವಶ್ಯಕ. ಕರ್ನಾಟಕ ಸಂಗೀತದ ಭೈರವಿಯು 20ನೆಯ ಮೇಳವಾದ ನಠಭೈರವಿಯಲ್ಲಿ ಜನಿಸಿದ ಭಾಷಾಂಗ ರಾಗ, ಎಂದರೆ ಮೇಳದಲ್ಲಿಲ್ಲದ ಸ್ವರವೂ ಸೇರುವ ರಾಗ. ಆರೋಹಣದಲ್ಲಿ ಚತುಃಶ್ರುತಿ ಧೈವತವೂ ಅವರೋಹಣದಲ್ಲಿ ಶುದ್ಧ ಧೈವತವೂ ಅದರಲ್ಲಿ ಬಳಕೆಯಾಗುತ್ತವೆ. ಏರುವಾಗ ಧೀರವಾಗಿ ನಿಲ್ಲುವ ಸ್ವರವೇ ಇಳಿಯುವಾಗ ಅರೆಮೆಟ್ಟಿಲು ಕುಗ್ಗಿ ಆರ್ತವಾಗುವ ಈ ದ್ವಂದ್ವವೇ, ವಿದ್ಯೆಯ ಗರ್ವದಿಂದ ಮೇಲೇರಿ ಒಲವಿನಲ್ಲಿಯೂ ಪಶ್ಚಾತ್ತಾಪದಲ್ಲಿಯೂ ಕರಗುವ ಗಾಯಕನ ಚರಿತ್ರೆಯಾಗಿಯೂ ಕೇಳಿಸುತ್ತದೆಂಬುದು ಈ ಲೇಖಕನ ಭಾವನೆ. ಹಿಂದೂಸ್ತಾನಿ ಪದ್ಧತಿಯ ಭೈರವಿ ಬೇರೆ. ಅದರ ಸ್ವರಗಳು ನಮ್ಮ ತೋಡಿಯ ಸ್ವರಗಳಿಗೆ ಹೊಂದುತ್ತವೆ.

ಕನ್ನಡಕ್ಕಿಂತ ಮೊದಲು ಈ ಕಥೆಯನ್ನು ತೆರೆಗೆ ತಂದದ್ದು ಹಿಂದಿ ಚಿತ್ರರಂಗ. 1956ರ ‘ಬಸಂತ್ ಬಹಾರ್’ನಲ್ಲಿ ಶಂಕರ್ ಜೈಕಿಶನ್ ಅವರ ಸಂಗೀತ ನಿರ್ದೇಶನದಲ್ಲಿ, ಗದಗ ನಾಡಿನ ಪಂಡಿತ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಸ್ಪರ್ಧೆಯ ಸನ್ನಿವೇಶವೊಂದಕ್ಕೆ ಜೊತೆಯಾಗಿ ಹಾಡಿದರು. ಕಥೆಯ ಅಗತ್ಯಕ್ಕಾಗಿ ಆ ಸ್ಪರ್ಧೆಯಲ್ಲಿ ಗೆಲ್ಲಬೇಕಾದುದು ಮನ್ನಾ ಡೇ ಅವರ ಕಂಠ.

ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿ ಚಿತ್ರರಂಗಕ್ಕೆ ಬಂದ ಅಯ್ಯರ್ ಅವರು ಹಿಡಿದ ಮಾರ್ಗವೇ ಬೇರೆ. ಸಂಗೀತದ ಹೊಣೆಯನ್ನು ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರಿಗೆ ಒಪ್ಪಿಸಿ, ಹಾಡನ್ನು ಕಥೆಯ ನಡುವಣ ವಿಶ್ರಾಂತಿಯನ್ನಾಗಿ ಮಾಡದೆ, ಕಥೆಯೇ ಹಾಡಿನೊಳಗೆ ನಡೆಯುವಂತೆ ಅವರು ಚಿತ್ರವನ್ನು ಕಟ್ಟಿದರು. ವೆಂಕಟಸುಬ್ಬಯ್ಯನ ಪಾತ್ರದಲ್ಲಿ ಆಗಿನ್ನೂ ತರುಣರಾಗಿದ್ದ ಅನಂತನಾಗ್ ಅಭಿನಯಿಸಿದ್ದಾರೆ. ರೇಖಾ ರಾವ್ ಅವರದು ಮತ್ತೊಂದು ಮುಖ್ಯ ಪಾತ್ರ. ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಬಾಲಮುರಳಿಕೃಷ್ಣರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯೂ ದೊರೆತವು. ಚಿತ್ರದ ನಡೆ ನಿಧಾನವೆಂದು ಆಕ್ಷೇಪಿಸುವವರುಂಟು. ಆದರೆ ಷಡ್ಜದಲ್ಲಿ ನಿಂತು, ಗಮಕದಿಂದ ಗಮಕಕ್ಕೆ ಸಾಗಿ, ರಾಗದ ರೂಪವನ್ನು ಬಿಡಿಸಿ ತೋರಿಸಬೇಕಾದ ವಿದ್ಯೆಯ ಕಥೆಯನ್ನು ಆತುರದಿಂದ ಹೇಳಿದ್ದರೆ, ಕಥೆಯುಳಿದು ವಿದ್ಯೆ ಕಾಣೆಯಾಗುತ್ತಿತ್ತು.

ಇದೇ ಕುಲದ ಹಿರಿಯ ಚಿತ್ರ ‘ಸಂಧ್ಯಾರಾಗ’ (1966). ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ರಾಜಕುಮಾರ್ ಗಾಯಕನ ಪಾತ್ರ ವಹಿಸಿದರು. ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರೂ ಒಂದೇ ಚಿತ್ರಕ್ಕೆ ಹಾಡಿದುದರಿಂದ, ಉತ್ತರಾದಿ ಮತ್ತು ದಕ್ಷಿಣಾದಿ ಸಂಗೀತಗಳೆರಡಕ್ಕೂ ಮನೆಯಾದ ಕನ್ನಡನಾಡಿನ ಭಾಗ್ಯ ಅದರಲ್ಲಿ ಪ್ರತಿಫಲಿಸಿತು.

ಮನೆಯಲ್ಲಿ ಕುಳಿತು ಕೊರಿಯದ ಧಾರಾವಾಹಿಗಳನ್ನು ಮೊಬೈಲಿನಲ್ಲಿಯೇ ನೋಡಬಹುದಾದ ಈ ಕಾಲದಲ್ಲಿ, ದಕ್ಷಿಣ ಕೊರಿಯದ ಎಸ್‌ಬಿಎಸ್ ವಾಹಿನಿಯು 2020ರಲ್ಲಿ 16 ಕಂತುಗಳಲ್ಲಿ ಪ್ರಸಾರ ಮಾಡಿದ ‘ಡು ಯು ಲೈಕ್ ಬ್ರಾಮ್ಸ್?’ ಎಂಬ, ಸಂಗೀತಗಾರರದೇ ಆದ ಪ್ರಣಯಕಥೆಯನ್ನು ‘ಹಂಸಗೀತೆ’ಯೊಡನೆ ಹೋಲಿಸಿ ನೋಡುವುದು ಉಚಿತ. ಅದರ ನಾಯಕ ಪಾರ್ಕ್ ಜೂನ್-ಯಂಗ್ ಪಿಯಾನೊ ವಾದಕ; ನಾಯಕಿ ಚೇ ಸಾಂಗ್-ಆ ವಾಣಿಜ್ಯಾಡಳಿತದ ವ್ಯಾಸಂಗವನ್ನು ಮುಗಿಸಿ, ತಡವಾಗಿ ಸಂಗೀತ ಕಾಲೇಜು ಸೇರಿದ ಪಿಟೀಲಿನ ವಿದ್ಯಾರ್ಥಿನಿ. ಸಂಗೀತ ರಚನಕಾರ ರಾಬರ್ಟ್ ಷೂಮನ್, ಅವನ ಪತ್ನಿ ಕ್ಲಾರಾ, ಆಕೆಯನ್ನು ಬಹುಕಾಲ ಆರಾಧಿಸಿದ ಮತ್ತೊಬ್ಬ ರಚನಕಾರ ಬ್ರಾಮ್ಸ್, ಈ ಮೂವರ ನೆರಳು ಕಥೆಯ ಮೇಲೆ ಬಿದ್ದಿದೆ. ವೆಂಕಟಸುಬ್ಬಯ್ಯನಿಗೆ ಎದುರಾದವು ಸ್ವಂತ ಗರ್ವ ಮತ್ತು ಅರಸೊತ್ತಿಗೆ. ಈ ತರುಣರಿಗೆ ಎದುರಾಗುವವು ಸ್ಪರ್ಧೆ, ಸಾಲ ಮತ್ತು ವಾದ್ಯವೃಂದದಲ್ಲಿ ಸಿಗಬಹುದಾದ, ಸಿಗದಿರಬಹುದಾದ ಸ್ಥಾನ. ಪ್ರೀತಿಯಷ್ಟೇ ಸಾಲದೆಂದು ತಿಳಿದ ನಾಯಕಿಯು ಕೊನೆಗೆ ಪಿಟೀಲನ್ನೇ ಕೈಬಿಟ್ಟು, ಅಳುಕದೆ ಬೇರೆ ವೃತ್ತಿಗೆ ತೆರಳುವಳು.

ಹೆಣ್ಣೇ ಸಾಧಕಿಯಾಗುವ ಈ ಅಂಶದಲ್ಲಿ ಕೊರಿಯದ ಕಥೆಗೆ ‘ಹಂಸಗೀತೆ’ಗಿಂತ ಹತ್ತಿರವಾದುದು ದೇವಕಿ ಮೂರ್ತಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ರೂಪಿಸಿದ ‘ಉಪಾಸನೆ’ (1974). ವಿಜಯಭಾಸ್ಕರ್ ಅವರ ಸಂಗೀತವುಳ್ಳ ಆ ಚಿತ್ರದಲ್ಲಿ ಆರತಿಯವರು ಅಭಿನಯಿಸಿದ ನಾಯಕಿಗೆ ವೀಣೆಯೇ ಬಾಳು. ಗುರುಭಕ್ತಿ ಎಲ್ಲಿ ಮುಗಿದು ಅನುರಾಗ ಎಲ್ಲಿ ತೊಡಗುವುದೆಂಬ ಸೂಕ್ಷ್ಮವನ್ನು ಅಷ್ಟು ಸಂಯಮದಿಂದ ಮುಟ್ಟಿದ ಚಿತ್ರ ಕನ್ನಡದಲ್ಲಿ ವಿರಳ.