ಬೇಗ ತೆಗೆದ ಚೀಲ

ಬ್ರಿಸ್ಟಲ್‌ನಲ್ಲಿ ನೈಟ್ರಸ್ ಆಕ್ಸೈಡನ್ನು ತಾನೇ ಸೇವಿಸಿ ನೋಡಿದ ಹಂಫ್ರಿ ಡೇವಿ, ಅದರಿಂದ ತನ್ನ ವಸಡಿನ ನೋವು ತಗ್ಗಿದ್ದನ್ನು 1800ರಲ್ಲೇ ಬರೆದಿಟ್ಟ. ಶಸ್ತ್ರಚಿಕಿತ್ಸೆಗೂ ಒದಗೀತು ಎಂದ. ಯಾರೂ ಕಿವಿಗೊಡಲಿಲ್ಲ. ನಗೆ ಅನಿಲವೆಂದು ಅದು ನಲವತ್ತು ವರ್ಷಕ್ಕೂ ಮಿಕ್ಕಿ ತಮಾಷೆಯ ಪ್ರದರ್ಶನಗಳಲ್ಲೇ ಕಳೆಯಿತು.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಗಾರ್ಡ್ನರ್ ಕೋಲ್ಟನ್ ಅಂಥದೇ ಪ್ರದರ್ಶನ ಇಟ್ಟಿದ್ದ. ಅನಿಲ ಸೇವಿಸಿ ಕುಣಿದಾಡಿದ ಸ್ಯಾಮ್ಯುಯೆಲ್ ಕೂಲಿ ಕಾಲಿಗೆ ಪೆಟ್ಟು ಮಾಡಿಕೊಂಡ. ಸಭೆಯಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಅವನನ್ನು ವಿಚಾರಿಸಿದ. ಗಾಯವಾದದ್ದೇ ಕೂಲಿಗೆ ಗೊತ್ತಾಗಿರಲಿಲ್ಲ. ಮರುದಿನ ವೆಲ್ಸ್ ತಾನೇ ಕುರ್ಚಿಯಲ್ಲಿ ಕೂತ. ಕೋಲ್ಟನ್ ಅನಿಲ ಕೊಟ್ಟ, ಜಾನ್ ರಿಗ್ಸ್ ಹಲ್ಲು ಕಿತ್ತ. ರೋಗಿಗಳಿಗಿಂತ ಮೊದಲು ತನ್ನ ಬಾಯಿ ತೆರೆದ ಆ ವೈದ್ಯನ ಮೇಲೆ, ಮಕ್ಕಳ ಹಲ್ಲು ನೋಡುವ ನನಗೆ ಅಪಾರ ಗೌರವ.

ಮುಂದಿನ ತಿಂಗಳೇ ಬಾಸ್ಟನ್‌ನಲ್ಲಿ ವೈದ್ಯವಿದ್ಯಾರ್ಥಿಗಳೆದುರು ವೆಲ್ಸ್‌ನ ಪ್ರಯೋಗ. ಅನಿಲದ ಚೀಲವನ್ನು ರೋಗಿಯ ಬಾಯಿಂದ ಬೇಗ ತೆಗೆದುಬಿಟ್ಟರು. ಅವನು ನರಳಿದ, ಸಭೆ ಮೋಸವೆಂದು ಕೂಗಿತು. ಅಷ್ಟೇನೂ ನೋಯಲಿಲ್ಲವೆಂದು ಆ ರೋಗಿಯೇ ಆಮೇಲೆ ಹೇಳಿದ, ಆದರೆ ವೆಲ್ಸ್‌ನ ಮಾನ ಹೋಗಿತ್ತು. 1846ರಲ್ಲಿ ಅವನ ಹಳೆಯ ಪಾಲುದಾರ ಮಾರ್ಟನ್ ನೋವು ತಿಳಿಯದಂತೆ ಈಥರ್ ಕೊಟ್ಟು ಹೆಸರಾದ. 1848ರಲ್ಲಿ, 33ರ ವಯಸ್ಸಿಗೇ, ವೆಲ್ಸ್ ನ್ಯೂಯಾರ್ಕಿನ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡ. ಈ ಅನಿಲವನ್ನು ಹಲ್ಲು ಕೀಳುವುದಕ್ಕೆ ಮರಳಿ ತಂದವನು ಅದೇ ಕೋಲ್ಟನ್, 1863ರಲ್ಲಿ.

ವೆಲ್ಸ್‌ನ ಕಾಲದಲ್ಲಿ ಚೀಲದಿಂದ ಒಳಹೋದದ್ದು ಎಷ್ಟೆಂದು ತಿಳಿಯುವ ದಾರಿಯಿರಲಿಲ್ಲ. ನೈಟ್ರಸ್‌ಗೆ ಆಮ್ಲಜನಕ ಬೆರೆಸಿ ಕೊಡಬೇಕೆಂದು ಷಿಕಾಗೋದ ಎಡ್ಮಂಡ್ ಆಂಡ್ರೂಸ್ ಬರೆದದ್ದು 1868ರಲ್ಲಿ. ನಮ್ಮ ಇವತ್ತಿನ ಮೆಷಿನ್ ನಿಂತಿರುವುದೇ ಆ ಬೆರಕೆಯ ಮೇಲೆ. ಆಮ್ಲಜನಕ ನಿಂತರೆ ನೈಟ್ರಸ್ಸೂ ತಾನಾಗಿ ನಿಲ್ಲುತ್ತದೆ, 70 ಪರ್ಸೆಂಟಿನ ಮೇಲೆ ಏರುವುದೇ ಇಲ್ಲ. ಮೂಗಿಗೆ ಮಾಸ್ಕ್ ಇಟ್ಟು ಮೊದಲು ಬರೀ ಆಮ್ಲಜನಕ ಬಿಡುತ್ತೇನೆ. ಆಮೇಲೆ ನೈಟ್ರಸ್ ಸ್ವಲ್ಪಸ್ವಲ್ಪವೇ. ಮಗು ನಿದ್ದೆ ಹೋಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರುತ್ತದೆ. ಕುರ್ಚಿಯ ಕೈ ಹಿಡಿದ ಮುಷ್ಟಿ ಸಡಿಲವಾಗುತ್ತದೆ, "ಆಂಟಿ, ಬೆರಳು ಜುಂ ಅಂತಿದೆ" ಎನ್ನುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಆಗಲೂ ಬೇಕು, ಆದರೆ ಸಿರಿಂಜ್ ಕಂಡೊಡನೆ ಕಿರುಚುವುದು ನಿಲ್ಲುತ್ತದೆ.

ಕೆಲಸ ಮುಗಿದ ಮೇಲೂ ಐದು ನಿಮಿಷ ಬರೀ ಆಮ್ಲಜನಕ. ಅಮ್ಮಂದಿರಿಗೆ ಹೊರಡುವ ಅವಸರ, ನಾನು ಬಿಡುವುದಿಲ್ಲ.