ಯಂತ್ರ ಮೊದಲು ಬಂತು, ತರಬೇತಿ ಆಮೇಲೆ

ನಾನು ಈ ಶಾಲೆಯ ಎಂಟನೇ ತರಗತಿಗೆ ಸೇರಿದ್ದು 2001ರಲ್ಲಿ. ದೀಪಾಂಜಲಿ ನಗರಕ್ಕೆ ಮೆಟ್ರೊ ಬರಲು ಇನ್ನೂ ಹದಿನಾಲ್ಕು ವರ್ಷ ಬಾಕಿ ಇತ್ತು. ಮೈಸೂರು ರಸ್ತೆಯ ಬಸ್ಸುಗಳ ಸದ್ದಿನ ನಡುವೆಯೇ ಪಾಠ ನಡೆಯುತ್ತಿತ್ತು. ವರ್ಷಕ್ಕೊಮ್ಮೆ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಬರುತ್ತಿದ್ದರು. ಸುತ್ತಿದ ಚಾರ್ಟು, ಥರ್ಮಾಕೋಲಿನ ಮಾದರಿ, ಪಾಠಯೋಜನೆಯ ಪುಸ್ತಕ ಅವರ ಕೈಯಲ್ಲಿರುತ್ತಿದ್ದವು. ನಮ್ಮ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕುಳಿತು ಅವರ ಪಾಠ ಗಮನಿಸುತ್ತಿದ್ದರು. ಕಂಪ್ಯೂಟರ್ ಬಳಸಿ ಪಾಠ ಮಾಡಿದವರನ್ನು ಮಾತ್ರ ಆ ಮೂರು ವರ್ಷಗಳಲ್ಲಿ ನಾನು ಕಾಣಲಿಲ್ಲ. ಮುಂದೆ ಶಿಕ್ಷಕರಾಗುವವರಿಗೆ ಅದನ್ನು ಕಲಿಸುವ ಕೆಲಸ ನಮ್ಮ ರಾಜ್ಯದಲ್ಲಿ ಹೇಗೆ ಬೆಳೆಯಿತು ಎಂಬುದೇ ಈ ಲೇಖನದ ವಿಷಯ.

ಭಾರತದ ಶಾಲೆಗಳಿಗೆ ಕಂಪ್ಯೂಟರ್ ತರುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1984ರಲ್ಲಿ. ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಯಂತ್ರಗಳು ಬಂದವು. ಅವು ಇಂಗ್ಲಿಷನ್ನು ಮಾತ್ರ ಬಲ್ಲ ಯಂತ್ರಗಳು. ಕನ್ನಡ ಮಾಧ್ಯಮದ ಮಕ್ಕಳಿಗೂ ಮೇಷ್ಟ್ರಿಗೂ ದೂರವೇ ಉಳಿದವು.

ಕರ್ನಾಟಕದಲ್ಲಿ 2001ರ ಆಸುಪಾಸಿನಲ್ಲಿ 'ಮಾಹಿತಿ ಸಿಂಧು' ಯೋಜನೆ ಬಂತು. ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಮುಟ್ಟಿದ ಈ ಯೋಜನೆಯಲ್ಲಿ ಯಂತ್ರಗಳನ್ನೂ ಬೋಧಕರನ್ನೂ ಖಾಸಗಿ ಸಂಸ್ಥೆಗಳು ಗುತ್ತಿಗೆಯ ಮೇಲೆ ಒದಗಿಸುತ್ತಿದ್ದವು. ಕಂಪ್ಯೂಟರ್ ಒಂದು ಪ್ರತ್ಯೇಕ ವಿಷಯವಾಯಿತು. ಸಾವಿರಾರು ಬಡ ಮಕ್ಕಳು ಮೊದಲ ಸಲ ಕೀಲಿಮಣೆ ಮುಟ್ಟಿದರು. ಅದು ಸಣ್ಣ ಮಾತಲ್ಲ. ಆದರೆ ಗಣಿತ, ವಿಜ್ಞಾನ, ಕನ್ನಡದ ಮೇಷ್ಟ್ರು ಆ ಕೋಣೆಯ ಹೊರಗೇ ಉಳಿದರು. ಗುತ್ತಿಗೆ ಮುಗಿದ ಮೇಲೆ ಬೋಧಕರೊಂದಿಗೆ ವಿದ್ಯೆಯೂ ಹೊರಟುಹೋಯಿತು.

ಅದೇ ಹೊತ್ತಿಗೆ ಕೇರಳ 'ಐಟಿ@ಸ್ಕೂಲ್' ಯೋಜನೆಯಲ್ಲಿ ಬೇರೆ ದಾರಿ ಹಿಡಿಯಿತು. ಸರ್ಕಾರಿ ಶಾಲೆಯ ಶಿಕ್ಷಕರಲ್ಲೇ ಕೆಲವರನ್ನು ಆರಿಸಿ, ತರಬೇತುದಾರರನ್ನಾಗಿ ಮಾಡಿ, ಅವರಿಂದ ಉಳಿದವರಿಗೆ ಕಲಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಸಿಕ್ಕಿತು.

ನಮ್ಮಲ್ಲೂ ದಾರಿ ಬದಲಾದದ್ದು ನಮ್ಮ ಶಾಲೆಗೆ ಹೆಚ್ಚು ದೂರವಿಲ್ಲದ ಒಂದು ಕಚೇರಿಯಿಂದ. ನಾಯಂಡಹಳ್ಳಿಯಲ್ಲಿ ವರ್ತುಲ ರಸ್ತೆ ಹಿಡಿದು ಹೊಸಕೆರೆಹಳ್ಳಿಯ ಕಡೆ ಹೋದರೆ ಡಿ.ಎಸ್.ಇ.ಆರ್.ಟಿ. ಸಿಗುತ್ತದೆ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯ ಜೊತೆಗೂಡಿ ಅದು 2011ರಿಂದ ಪ್ರೌಢಶಾಲಾ ವಿಷಯ ಶಿಕ್ಷಕರಿಗೆ ತರಬೇತಿ ನಡೆಸಿತು. ಅಲ್ಲಿ ಕಂಪ್ಯೂಟರಿನ ಬಿಡಿಭಾಗಗಳ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಸ್ವಂತ ಪಾಠ ತಯಾರಿಸುವುದು ಮುಖ್ಯವಾಗಿತ್ತು. ಶಿಕ್ಷಕರೇ ಬರೆದ ಸಾಮಗ್ರಿ ಎಲ್ಲರಿಗೂ ಉಚಿತವಾಗಿ ದೊರೆಯುವಂತಾಯಿತು. 2016-17ರಲ್ಲಿ ಆರಂಭವಾದ 'ಟಾಲ್ಪ್' ಕಾರ್ಯಕ್ರಮ ಇಂಥ ತರಬೇತಿಯನ್ನು ಇನ್ನಷ್ಟು ಶಾಲೆಗಳಿಗೆ ಕೊಂಡೊಯ್ದಿತು.

ಇವೆಲ್ಲ ಆಗಲೇ ಕೆಲಸದಲ್ಲಿದ್ದ ಶಿಕ್ಷಕರಿಗೆ. ಶಿಕ್ಷಕರಾಗಲಿರುವವರ ಪಾಲಿಗೆ ಮುಖ್ಯವಾದದ್ದು ಎನ್.ಸಿ.ಟಿ.ಇ.ಯ 2014ರ ನಿಯಮಾವಳಿ. ಅದರಿಂದ ಒಂದು ವರ್ಷದ ಬಿ.ಇಡಿ. ಎರಡು ವರ್ಷದ್ದಾಯಿತು, ಮಾಹಿತಿ ತಂತ್ರಜ್ಞಾನವನ್ನು ವಿವೇಚನೆಯಿಂದ ಅರಿಯುವುದು ಪಠ್ಯಕ್ರಮದ ಭಾಗವಾಯಿತು.

ಪಠ್ಯಕ್ರಮದಲ್ಲಿ ಬರೆದದ್ದು ತರಗತಿಗೆ ಇಳಿಯುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ನನ್ನ ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಬಿ.ಇಡಿ. ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡಲು ನನ್ನನ್ನು ಕರೆದಿದ್ದರು. ಎಂಜಿನಿಯರ್ ಎಂಬ ಬಿಗುಮಾನದಲ್ಲಿ ಎರಡು ಗಂಟೆ ಎಕ್ಸೆಲ್ ಹೇಳಿದೆ. ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು, "ಸಾರ್, ಸೋಮವಾರ ನಾನು ತ್ರಿಭುಜದ ಪಾಠ ಮಾಡಬೇಕು. ಇದರಲ್ಲಿ ಯಾವುದು ನನಗೆ ಉಪಯೋಗಕ್ಕೆ ಬರುತ್ತದೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಹುಡುಕಿದಾಗ ಸಿಕ್ಕಿದ್ದು ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶ. ಮರುದಿನ ಅವರಿಗೆ ತೋರಿಸಿದೆ. ತೆರೆಯ ಮೇಲೆ ತ್ರಿಭುಜ ಬರೆದು ಒಂದು ಶೃಂಗವನ್ನು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಆದರೆ ಅದನ್ನು ಪಾಠ ಮಾಡಿದ್ದು ಅವರೇ. "ಎಷ್ಟು ಎಳೆದರೂ ಮೊತ್ತ ಯಾಕೆ ಬದಲಾಗುತ್ತಿಲ್ಲ?" ಎಂದು ಮಕ್ಕಳನ್ನು ಕೇಳಿ, ಉತ್ತರವನ್ನು ಕರಿಹಲಗೆಯ ಮೇಲೆ ಅವರಿಂದಲೇ ಸಾಧಿಸಿಸಿದರು. ಎಲ್ಲಿ ಯಂತ್ರ ಬೇಕು, ಎಲ್ಲಿ ಸೀಮೆಸುಣ್ಣ ಸಾಕು ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿ, ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಬಂದಾಗಲೂ ಕಂಡದ್ದು ಇದೇ ಸತ್ಯ. ತೆರೆ ಪಾಠವನ್ನು ಮನೆಗೆ ತಲುಪಿಸಿತು. ಯಾರಿಗೆ ಅರ್ಥವಾಗಿಲ್ಲ ಎಂದು ತಿಳಿಯಲು ಶಿಕ್ಷಕರೇ ಬೇಕಾದರು. ವಿದ್ಯಾಗಮದಲ್ಲಿ ಅವರು ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಮಾಡಿದರು.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡೋಣವೆಂದು ಗೆಳೆಯರು ಹೇಳುತ್ತಿದ್ದಾರೆ. ಕೊಡೋಣ, ನನ್ನ ಪಾಲೂ ಇರಲಿ. ಜೊತೆಗೆ ಇನ್ನೊಂದು ಬಿನ್ನಹ. ಬೋಧನಾಭ್ಯಾಸಕ್ಕೆ ಬರುವ ಪ್ರಶಿಕ್ಷಣಾರ್ಥಿಗಳು ನಮ್ಮ ಅನುಭವಿ ಶಿಕ್ಷಕರ ಪಕ್ಕ ಕುಳಿತು ತಮ್ಮ ಪಾಠಗಳನ್ನು ತಯಾರಿಸಲು ಒಂದು ಕೋಣೆ, ನಾಲ್ಕು ಕಂಪ್ಯೂಟರ್, ವಾರಕ್ಕೊಂದು ಮಧ್ಯಾಹ್ನ ಒದಗಿಸೋಣ. ಯಂತ್ರ ಕೆಟ್ಟರೆ ಸರಿಮಾಡಲು ನನ್ನಂಥ ಹಳೆಯ ವಿದ್ಯಾರ್ಥಿಗಳು ಬರುತ್ತೇವೆ. ಪಾಠ ಹೇಗಿರಬೇಕೆಂಬುದನ್ನು ಮೇಷ್ಟ್ರೇ ಹೇಳಲಿ. ಸ್ಮಾರ್ಟ್ ಬೋರ್ಡಿಗೆ ಕೆಲವೇ ವರ್ಷದ ಆಯುಸ್ಸು. ಇಲ್ಲಿ ಕಲಿತು ಹೋದ ಶಿಕ್ಷಕರು ಇನ್ನು ಮೂವತ್ತು ವರ್ಷ ಯಾವುದೋ ಊರಿನ ಮಕ್ಕಳಿಗೆ ಪಾಠ ಮಾಡುತ್ತಿರುತ್ತಾರೆ.