ಟೇಕಾಫ್ ಬಳಿಕ ಎಂಜಿನ್ ಬಲ ಕುಸಿತ (ಸಣ್ಣ ವಿಮಾನ)

ಒಂದೇ ಎಂಜಿನ್ನಿನ ವಿಮಾನ ನೆಲ ಬಿಟ್ಟು ಏರುತ್ತಿರುವಾಗ ಎಂಜಿನ್ ಭಾಗಶಃ ಇಲ್ಲವೆ ಪೂರ್ತಿ ಬಲ ಕಳೆದುಕೊಳ್ಳುವ ಸ್ಥಿತಿ. ವೇಗ, ಎತ್ತರ ಎರಡೂ ಕಡಿಮೆ ಇರುವುದರಿಂದ ಯೋಚಿಸಲು ಸಿಗುವುದು ಕೆಲವೇ ಕ್ಷಣ.

ಕಾರಣಗಳು

ಇಂಧನದಲ್ಲಿ ನೀರು, ಇಂಧನ ಕವಾಟ ತಪ್ಪಾಗಿ ತಿರುಗಿರುವುದು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ದೋಷ ಮುಖ್ಯವಾದವು. ಹವೆಯಲ್ಲಿ ತೇವ ಹೆಚ್ಚಿದ್ದರೆ 20 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣತೆಯಲ್ಲೂ ಕಾರ್ಬುರೇಟರಿನಲ್ಲಿ ಹಿಮ ಕಟ್ಟಬಹುದು. ಹಾರುವ ಮುನ್ನ ಟ್ಯಾಂಕಿನ ತಳದಿಂದ ಪಾರದರ್ಶಕ ಬಟ್ಟಲಿಗೆ ಇಂಧನ ಇಳಿಸಿ ನೋಡುತ್ತಾರೆ. ವಿಮಾನದ ನೀಲಿ ಪೆಟ್ರೋಲಿನಡಿ ಬಣ್ಣವಿಲ್ಲದ ನೀರು ಬೇರೆಯಾಗಿ ನಿಲ್ಲುತ್ತದೆ.

ಹಿಂತಿರುಗುವ ಪ್ರಶ್ನೆ

ಬೆನ್ನ ಹಿಂದೆಯೇ ರನ್‌ವೇ ಇರುವಾಗ ತಿರುಗುವ ಆಸೆ ಸಹಜ. ಆದರೆ 70 ನಾಟ್ ವೇಗದಲ್ಲಿ ರೆಕ್ಕೆಯನ್ನು 45 ಡಿಗ್ರಿ ವಾಲಿಸಿದರೆ ತಿರುವಿನ ತ್ರಿಜ್ಯ ಸುಮಾರು 130 ಮೀಟರ್. ಅರ್ಧ ಸುತ್ತು ಮುಗಿದಾಗ ವಿಮಾನ ರನ್‌ವೇ ರೇಖೆಯಿಂದ 260 ಮೀಟರ್ ಪಕ್ಕಕ್ಕಿರುತ್ತದೆ. ಆ ರೇಖೆಗೆ ಮರಳಲು ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ವಾಲಬೇಕು. 45 ಡಿಗ್ರಿ ವಾಲಿದಾಗ ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಹೊರಬಲ್ಲ ಕನಿಷ್ಠ ವೇಗ, ಶೇ. 19ರಷ್ಟು ಏರುತ್ತದೆ, ಮೂತಿ ಎತ್ತಿ ಹಿಡಿದರೆ ರೆಕ್ಕೆ ಆಧಾರ ಕಳೆದುಕೊಂಡು ವಿಮಾನ ಗಿರಕಿ ಹೊಡೆಯಬಹುದು. ಗಾಳಿಗೆ ಎದುರಾಗಿ ಹಾರಿದ ವಿಮಾನಕ್ಕೆ ಮರಳುವಾಗ ಬೆನ್ನಗಾಳಿ.

ಎತ್ತರದ ನೆಲ, ಬಿಸಿಲು ಸೇರಿದರೆ ತಿರುವು ಇನ್ನೂ ಕಷ್ಟ. ಉದಾಹರಣೆಗೆ, ಮಹಾರಾಷ್ಟ್ರದ ಕೊಲ್ಲಾಪುರ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಸುಮಾರು 1500 ಮೀಟರ್ ಎತ್ತರದ ಗಾಳಿಯಷ್ಟು ತೆಳು. ಏರುವ ವೇಗ ಕುಗ್ಗುತ್ತದೆ, ತಿರುವು ಸುಮಾರು ಆರನೇ ಒಂದರಷ್ಟು ಅಗಲವಾಗುತ್ತದೆ. ಸಮುದ್ರತೀರದಲ್ಲಿ ಸಾಕಾದ ಎತ್ತರ ಇಲ್ಲಿ ಸಾಲದು.

ಬಲ ಅರ್ಧ ಉಳಿದಾಗ ಅದನ್ನು ನಂಬಿ ತಿರುಗುವ ಅಪಾಯ ಬಹುಶಃ ಇನ್ನೂ ಹೆಚ್ಚು.

ಕೊಲ್ಲಾಪುರ, ಬೆಳಗಾವಿ ಸೀಮೆಯಲ್ಲಿ

ಕಾಗಲಕ್ಕೆ ಉತ್ತರದ ಉಜಳಾಯಿವಾಡಿಯಲ್ಲಿರುವ ಕೊಲ್ಲಾಪುರ ನಿಲ್ದಾಣ 1939ರದು. ರಾಜ್ಯದ ಗಡಿಯಾಚೆ, ಕರ್ನಾಟಕದ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ 2023ರ ಮೇ 30ರಂದು ಹಾರಿದ ತರಬೇತಿ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕುಳಿದರು. ಬಿತ್ತನೆಗೆ ಮುನ್ನ ಇಲ್ಲಿನ ಹೊಲಗಳು ಬಯಲಾಗಿರುತ್ತವೆ. ಕಬ್ಬು ಬೆಳೆದ ತಿಂಗಳುಗಳಲ್ಲಿ ಇಳಿಯುವ ಜಾಗ ಕಡಿಮೆ. ಎತ್ತರದ ಪೈರು ಚಕ್ರ ಹಿಡಿದು ವಿಮಾನವನ್ನು ಪಲ್ಟಿ ಮಾಡಬಹುದು.

ನಿರ್ವಹಣೆ

ತಕ್ಷಣ ಮೂತಿ ಇಳಿಸಿ ತೇಲುವ ವೇಗ ಉಳಿಸಿಕೊಳ್ಳುವುದು, ಎದುರಿನಲ್ಲಿ ಅಥವಾ ತುಸು ಎಡಬಲದಲ್ಲಿ ಇಳಿಯುವುದು, ಸಮಯವಿದ್ದರೆ ಇಂಧನ ಮುಚ್ಚುವುದು: ಇದು ಸಾಮಾನ್ಯ ಕ್ರಮ. ಯಾವ ಎತ್ತರದ ಕೆಳಗೆ ತಿರುಗಬಾರದು, ಯಾವ ಹೊಲ ಇಳಿಯಲು ತಕ್ಕುದು ಎಂಬುದನ್ನು ಆಯಾ ದಿನದ ಬಿಸಿಲು, ಗಾಳಿ, ಬೆಳೆ ನೋಡಿ ರನ್‌ವೇಯಲ್ಲಿ ನಿಂತಿರುವಾಗಲೇ ಬಾಯಿಬಿಟ್ಟು ಹೇಳಿಕೊಳ್ಳುವ ಪೈಲಟ್ ಆ ಕ್ಷಣದಲ್ಲಿ ಹೊಸದಾಗಿ ನಿರ್ಧರಿಸಬೇಕಾಗಿಲ್ಲ.